ವಿಮಾನಚಾಲಕರ ದೇಹಕ್ಕೂ ಒಂದು ಪರೀಕ್ಷಾಲಯ

ಹೊಸ ಯುದ್ಧವಿಮಾನ ಸಿದ್ಧವಾದಾಗ ಅದರ ರೆಕ್ಕೆ, ಎಂಜಿನ್, ಚಕ್ರಗಳನ್ನೆಲ್ಲ ಪರೀಕ್ಷಿಸುತ್ತಾರೆ. ಅದನ್ನು ನಡೆಸುವವರ ದೇಹವನ್ನೂ ಪರೀಕ್ಷಿಸಬೇಕಲ್ಲವೆ? ಭಾರತೀಯ ವಾಯುಪಡೆಯಲ್ಲಿ ಈ ಕೆಲಸಕ್ಕೆಂದೇ ಇರುವ ಸಂಸ್ಥೆ ಬೆಂಗಳೂರಿನ ‘ಇನ್‌ಸ್ಟಿಟ್ಯೂಟ್ ಆಫ್ ಏರೋಸ್ಪೇಸ್ ಮೆಡಿಸಿನ್’.

ನಮ್ಮ ವಾಯುಪಡೆ ಸ್ಥಾಪನೆಯಾದದ್ದು 1932ರ ಅಕ್ಟೋಬರ್ 8ರಂದು. ಮರುವರ್ಷ ಏಪ್ರಿಲ್ 1ರಂದು ಕರಾಚಿಯಲ್ಲಿ ಅದರ ಮೊದಲ ತುಕಡಿ ರೂಪುಗೊಂಡಾಗ ಇದ್ದದ್ದು ನಾಲ್ಕೇ ವಿಮಾನ; ಗಂಟೆಗೆ ಸುಮಾರು 200 ಕಿ.ಮೀ. ವೇಗದ, ಜೋಡಿರೆಕ್ಕೆಯ ‘ವಾಪಿಟಿ’ಗಳು. 1948ರಲ್ಲಿ ‘ವ್ಯಾಂಪೈರ್’ ಜೆಟ್ ವಿಮಾನಗಳು ಬಂದುವು. ಅವುಗಳ ವೇಗ ಗಂಟೆಗೆ 850 ಕಿ.ಮೀ.ಗೂ ಹೆಚ್ಚು. ವಿಮಾನ ಬದಲಾಯಿತು, ಮನುಷ್ಯನ ದೇಹ ಬದಲಾಗಲಿಲ್ಲ. ಈ ಅಂತರವನ್ನು ತುಂಬುವ ವಿದ್ಯೆಯೇ ವೈಮಾನಿಕ ವೈದ್ಯಶಾಸ್ತ್ರ. 1940ರಿಂದ ವಿಮಾನ ಕಾರ್ಖಾನೆ ಇದ್ದ ಬೆಂಗಳೂರಿನಲ್ಲೇ 1957ರಲ್ಲಿ ಅದಕ್ಕೊಂದು ಶಾಲೆ ಆರಂಭವಾಯಿತು. ಅದೇ ಬೆಳೆದು ಇಂದಿನ ಸಂಸ್ಥೆಯಾಗಿದೆ.

ತೊಂದರೆ ಇರುವುದು ವೇಗದಲ್ಲಲ್ಲ, ವೇಗೋತ್ಕರ್ಷದಲ್ಲಿ. ವಿಮಾನ ಥಟ್ಟನೆ ತಿರುಗಿದಾಗ ಚಾಲಕರ ತಲೆ ತಿರುವಿನ ಕೇಂದ್ರದ ಕಡೆಗಿರುತ್ತದೆ. ರಕ್ತ ಪಾದಗಳ ಕಡೆಗೆ ಜಗ್ಗುತ್ತದೆ. ಗುರುತ್ವ ವೇಗೋತ್ಕರ್ಷವನ್ನು 1 ‘ಜಿ’ ಎಂದರೆ, ಇಂದಿನ ಯುದ್ಧವಿಮಾನ 9 ಜಿ ವರೆಗೂ ತಾಳಬಲ್ಲದು. ದೇಹ?

ಸ್ವಲ್ಪ ಲೆಕ್ಕ ಮಾಡೋಣ. ಹೃದಯದ ಮಟ್ಟದಲ್ಲಿ ಸರಾಸರಿ ರಕ್ತದೊತ್ತಡ ಸುಮಾರು 95 ಮಿ.ಮೀ. ಪಾದರಸ. ಹೃದಯದಿಂದ ಮಿದುಳು ಸುಮಾರು 30 ಸೆಂ.ಮೀ. ಎತ್ತರದಲ್ಲಿದೆ. ಇಷ್ಟೆತ್ತರದ ರಕ್ತದ ಕಂಬ 1 ಜಿ ಯಲ್ಲಿ ಉಂಟುಮಾಡುವ ಒತ್ತಡ ಸುಮಾರು 23 ಮಿ.ಮೀ. ಹಾಗಾಗಿ ಮಿದುಳಿಗೆ ಉಳಿಯುವುದು 72. 4 ಜಿ ಯಲ್ಲಿ ಕಂಬದ ಒತ್ತಡವೇ 92 ಆಗುತ್ತದೆ. ಮಿದುಳಿಗೆ ಉಳಿಯುವುದು ಬರೀ 3! ಕಣ್ಣುಗುಡ್ಡೆಗೆ ತನ್ನದೇ ಒಳ ಒತ್ತಡವಿರುವುದರಿಂದ ಮೊದಲು ಅಲ್ಲಿ ರಕ್ತ ನಿಲ್ಲುತ್ತದೆ. ನೋಟ ಮಸುಕಾಗಿ, ಕತ್ತಲಾಗಿ, ಬಳಿಕ ಪ್ರಜ್ಞೆ ತಪ್ಪುತ್ತದೆ. ಪ್ರಜ್ಞೆ ಮರಳಿದ ಮೇಲೂ ಕೆಲ ಹೊತ್ತು ಗೊಂದಲವಿರುತ್ತದೆ. ಎರಡೂ ಸೇರಿ ಅರ್ಧ ನಿಮಿಷವಾದರೆ, ಗಂಟೆಗೆ 900 ಕಿ.ಮೀ. ವೇಗದ ವಿಮಾನ ಅಷ್ಟರಲ್ಲಿ ಏಳೂವರೆ ಕಿ.ಮೀ. ಹೋಗಿರುತ್ತದೆ, ನಡೆಸುವವರಿಲ್ಲದೆ.

ಇದಕ್ಕೆ ಪರಿಹಾರಗಳಿವೆ. ತಿರುವಿನಲ್ಲಿ ತಾನಾಗಿ ಗಾಳಿ ತುಂಬಿಕೊಂಡು ಕಾಲು, ಹೊಟ್ಟೆಗಳನ್ನು ಅದುಮುವ ‘ಜಿ ನಿರೋಧಕ’ ಉಡುಪು ಒಂದು. ಕಾಲು, ಹೊಟ್ಟೆಯ ಸ್ನಾಯುಗಳನ್ನು ಬಿಗಿಹಿಡಿದು, ಉಸಿರನ್ನು ಕ್ರಮಬದ್ಧವಾಗಿ ತಡೆದು ಬಿಡುವ ಅಭ್ಯಾಸ ಇನ್ನೊಂದು. ಈ ಅಭ್ಯಾಸವನ್ನು ಆಕಾಶದಲ್ಲಿ ಕಲಿಯುವುದು ಅಪಾಯ. ಆದ್ದರಿಂದ ನೆಲದ ಮೇಲೆಯೇ ಮನುಷ್ಯರನ್ನು ಕೂರಿಸಿ ಸುತ್ತಿಸುವ ಸೆಂಟ್ರಿಫ್ಯೂಜ್ ಯಂತ್ರ ಈ ಸಂಸ್ಥೆಯಲ್ಲಿದೆ. ಇಂಥ ಯಂತ್ರದ ತೋಳು 8 ಮೀಟರ್ ಉದ್ದವಿದ್ದರೆ, ಸುಮಾರು 1.9 ಸೆಕೆಂಡಿಗೊಂದು ಸುತ್ತು ಹಾಕಿದಾಗ ತುದಿಯಲ್ಲಿ 9 ಜಿ ಉಂಟಾಗುತ್ತದೆ. ಕುಳಿತವರ ನೋಟ ಮಸುಕಾದರೆ ಯಂತ್ರವನ್ನು ನಿಲ್ಲಿಸಬಹುದು. ಆಕಾಶದಲ್ಲಿ ಆ ಅವಕಾಶವಿಲ್ಲ.

1984ರಲ್ಲಿ ಅಂತರಿಕ್ಷಕ್ಕೆ ಹೋದ ರಾಕೇಶ್ ಶರ್ಮಾ ವಾಯುಪಡೆಯವರು. ಅವರ ವೈದ್ಯಕೀಯ ಪರೀಕ್ಷೆಗಳು ನಡೆದದ್ದು ಇಲ್ಲಿ. 2019ರಲ್ಲಿ ಗಗನಯಾನ ಯೋಜನೆಗೆ ಯಾತ್ರಿಗಳ ಮೊದಲ ಹಂತದ ಆಯ್ಕೆಯೂ ಇಲ್ಲೇ ನಡೆಯಿತು. ಆ ಯೋಜನೆಗೆ ಆಯ್ಕೆಯಾದ ನಾಲ್ವರಲ್ಲಿ ಒಬ್ಬರಾದ ಶುಭಾಂಶು ಶುಕ್ಲಾ 2025ರ ಜೂನ್‌ನಲ್ಲಿ ಅಂತರರಾಷ್ಟ್ರೀಯ ಅಂತರಿಕ್ಷ ನಿಲ್ದಾಣ ತಲಪಿದರು.

ತರಗತಿಯಲ್ಲಿ ಇದನ್ನು ವಿವರಿಸಲು ಒಂದು ಮೀಟರ್ ದಾರ, ಒಂದು ರಬ್ಬರ್ ಚೆಂಡು ಸಾಕು. ಬಯಲಿನಲ್ಲಿ ನಿಂತು, ಚೆಂಡು ಸೆಕೆಂಡಿಗೊಂದು ಸುತ್ತು ಬರುವಂತೆ ತಿರುಗಿಸಿ. ಅದರ ವೇಗೋತ್ಕರ್ಷವೆಷ್ಟೆಂದು ವಿದ್ಯಾರ್ಥಿಗಳೇ ಲೆಕ್ಕ ಹಾಕಲಿ. ಉತ್ತರ ಸುಮಾರು 4 ಜಿ, ಅಂದರೆ ಉಡುಪಾಗಲಿ ಅಭ್ಯಾಸವಾಗಲಿ ಇಲ್ಲದ ಚಾಲಕರಿಗೆ ಕಣ್ಣು ಕತ್ತಲಿಡುವಷ್ಟು.