ರಾಜರ ಇಸ್ಪೀಟಿನಲ್ಲಿ ಎಷ್ಟು ಎಲೆ?

ಇಸ್ಪೀಟು ಕಟ್ಟಿನಲ್ಲಿ ಎಷ್ಟು ಎಲೆ? 52 ಅಂತೀರಿ. ಸರಿ! ಹಾಗಾದರೆ ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ರೂಪಿಸಿದ ಅತಿ ದೊಡ್ಡ ಆಟದಲ್ಲಿ? ಊಹಿಸಿ. ನೂರು? ಇನ್ನೂರು? ತಡೆಯಿರಿ, ಈಗಲೇ ಹೇಳುವುದಿಲ್ಲ!

ಮೊದಲು ಗಂಜೀಫಾ, ಅಂದರೆ ಕೈಚಿತ್ರದ ಹಳೆಯ ಇಸ್ಪೀಟು, ನೋಡಿ. ಎಲೆ ದುಂಡಗೆ! ಅಂಗೈಯಲ್ಲಿ ಅಡಗುವಷ್ಟು ಪುಟ್ಟದು. ಅಷ್ಟರೊಳಗೇ ಹೂಬಳ್ಳಿಯ ಅಂಚು, ಮಂಟಪ, ಮಂಟಪದಲ್ಲಿ ಕೂತ ದೇವರು, ದೇವರ ತಲೆಯ ಮೇಲೆ ಕಿರೀಟ. ಎಲ್ಲವೂ ಕುಂಚ ಹಿಡಿದು ಬಿಡಿಸಿದ್ದು!

ದಶಾವತಾರದ ಕಟ್ಟಿನಲ್ಲಿ ಅವತಾರಕ್ಕೊಂದು ಗುಂಪು. ಗುಂಪಿಗೊಬ್ಬ ರಾಜ, ಒಬ್ಬ ಮಂತ್ರಿ, ಮತ್ತೆ ಒಂದರಿಂದ ಹತ್ತು. ಒಟ್ಟು 120 ಎಲೆ! ಐದು ಗುಂಪುಗಳಲ್ಲಿ ಹತ್ತಕ್ಕೆ ಬೆಲೆ ಹೆಚ್ಚು. ಉಳಿದ ಐದರಲ್ಲಿ? ಪೂರಾ ಉಲ್ಟಾ! ಒಂದೇ ದೊಡ್ಡದು, ಹತ್ತು ಎಲ್ಲಕ್ಕಿಂತ ಕೆಳಗೆ.

ಮೊದಲ ಎಲೆ ಇಳಿಸುವವರು ಯಾರು? ಕೈಯಲ್ಲಿರುವ ಎಲೆ ಬಿಟ್ಟು ಆಕಾಶ ನೋಡಿ! ಹಗಲಾದರೆ ರಾಮನ ಗುಂಪಿನ ರಾಜನ ಎಲೆ ಹಿಡಿದವರು. ಇರುಳಾದರೆ ಕೃಷ್ಣನ ಗುಂಪಿನ ರಾಜನ ಎಲೆ ಹಿಡಿದವರು. ಹೊತ್ತು ಮುಳುಗಿದರೆ ಆಟದ ನಿಯಮವೇ ಬದಲು! ಇಂಥ ಆಟ ಇನ್ನೆಲ್ಲಾದರೂ ಕಂಡಿದ್ದೀರಾ?

ಮುಮ್ಮಡಿಯವರಿಗೆ ಇಷ್ಟು ಸಾಲಲಿಲ್ಲ. ಅವರ ‘ಶ್ರೀತತ್ತ್ವನಿಧಿ’ ಗ್ರಂಥದ ಕೊನೆಯ ಭಾಗ ಕೌತುಕನಿಧಿ. ಅದರಲ್ಲಿ 13 ಬಗೆಯ ಛದದ, ಅಂದರೆ ಎಲೆಯ, ಆಟಗಳಿವೆ. ಅತಿ ಚಿಕ್ಕದಕ್ಕೆ 36 ಎಲೆ. ಅತಿ ದೊಡ್ಡದಕ್ಕೆ? 360!

ಅಚ್ಚಾದ ಇಸ್ಪೀಟು ಬಂತು, ಕೈಚಿತ್ರದ ಎಲೆಗಳು ಮರೆಯಾದವು. ಇನ್ನೇನು ಹೋಯಿತು ಅನ್ನುವಾಗ ಗಂಜೀಫಾ ರಘುಪತಿ ಭಟ್ಟರು ಆ ಕಲೆಗೆ ಮತ್ತೆ ಜೀವ ಕೊಟ್ಟರು. ಎಂಥ ಕೆಲಸ!

ಮಣೆಯಾಟಗಳೂ ಎದ್ದು ಬಂದಿವೆ. ಮಧುರೆ ಕಡೆಯವರಿರಲಿ, ಮೈಸೂರಿನವರಿರಲಿ, ಚೌಕಾಬಾರ, ಹುಲಿ-ಕುರಿ, ಅಳಿಗುಳಿ ಮಣೆ ಅಂದರೆ ಅಜ್ಜಿ ನೆನಪಾಗದೆ ಇರುತ್ತಾರೆಯೇ? ಮೈಸೂರು ಮೃಗಾಲಯದ ಎದುರಿನ ಪ್ರತಿಮಾ ಗ್ಯಾಲರಿಯಲ್ಲಿ ರಾಮ್‌ಸನ್ಸ್ ಕಲಾ ಪ್ರತಿಷ್ಠಾನ ‘ಕ್ರೀಡಾ ಕೌಶಲ್ಯ’ ಪ್ರದರ್ಶನ ನಡೆಸುತ್ತಾ ಬಂದಿದೆ. ಅಲ್ಲಿ ಇವೇ ಆಟಗಳು ಕಿನ್ನಾಳದ ಮರಗೆಲಸದಲ್ಲಿ! ಚನ್ನಪಟ್ಟಣದ ಅರಗಿನ ಬಣ್ಣದಲ್ಲಿ ಫಳಫಳ ಹೊಳೆಯುವ ಕಾಯಿಗಳು! ಗಾಜಿನ ಪೆಟ್ಟಿಗೆಯಲ್ಲಿ ಇಟ್ಟು ಕೈಮುಗಿಯಲು ಅಲ್ಲ. ಕೊಂಡು ಮನೆಗೆ ಒಯ್ದು ಆಡಲು!

ನಿಮ್ಮ ಮನೆಯಲ್ಲಿ ಚದುರಂಗದ ಮಣೆ ಇದೆಯೇ? ಮುಮ್ಮಡಿಯವರು ತಲೆ ಕೆಡಿಸಿಕೊಂಡ ಇನ್ನೊಂದು ಒಗಟು ಕೇಳಿ. ಕುದುರೆಯೊಂದನ್ನೇ ಇಡಿ. 64 ಮನೆಗೂ ಹೋಗಬೇಕು. ಒಂದು ಮನೆಗೆ ಒಂದೇ ಸಲ. ಅವರು ದಾರಿ ಕಂಡುಹಿಡಿದಿದ್ದರು! ನೀವು?