ಅಪ್ಪ ಮಾರಿದ ಬೇಸ್ ಗಿಟಾರು, ಮಗ ತಂದ ಬೇಸ್ ಗಿಟಾರು

ಹೊಸೂರು: ಗಣೇಶನ ಹಬ್ಬದ ಆರ್ಕೆಸ್ಟ್ರಾಗಳಲ್ಲಿ ಮೊದಲೆಲ್ಲ ಡ್ರಮ್ಸ್ ಪಕ್ಕದ ಮೂಲೆಯಲ್ಲಿ ಒಬ್ಬ ನಿಂತಿರುತ್ತಿದ್ದ. ನಾಲ್ಕೇ ತಂತಿಯ ಉದ್ದನೆ ಗಿಟಾರ್ ಹಿಡಿದು 'ದುಂ... ದುಂ' ಅನ್ನಿಸುತ್ತಿದ್ದ. ಜನ ಅವನ ಮುಖ ನೋಡುತ್ತಿರಲಿಲ್ಲ. ಅವನು ನಿಲ್ಲಿಸಿದಾಗ ಮಾತ್ರ ಏನೋ ಕಮ್ಮಿಯಾಯ್ತಲ್ಲ ಅನ್ನಿಸುತ್ತಿತ್ತು. ಈಗ ಆ ಕೆಲಸವನ್ನು ಹೆಚ್ಚಾಗಿ ಕೀಬೋರ್ಡಿನವರ ಎಡಗೈ ಮಾಡಿ ಮುಗಿಸುತ್ತದೆ. ತಂಡಕ್ಕೆ ಒಂದು ಪೇಮೆಂಟ್ ಉಳಿಯುತ್ತದೆ.

ಇಂಥ ಹೊತ್ತಲ್ಲಿ ನಮ್ಮೂರಿನ ಕಾರ್ಖಾನೆಯಲ್ಲಿ ಶಿಫ್ಟ್ ಕೆಲಸ ಮಾಡುವ ಹುಡುಗನೊಬ್ಬ ಬೆಂಗಳೂರಿಂದ ಸೆಕೆಂಡ್ ಹ್ಯಾಂಡ್ ಬೇಸ್ ಗಿಟಾರ್ ತಂದಿದ್ದಾನೆ. ಅವರ ತಂದೆ ಒಂದು ಕಾಲಕ್ಕೆ ಇಲ್ಲಿನ ವಾದ್ಯಗೋಷ್ಠಿಯಲ್ಲಿ ಬೇಸ್ ನುಡಿಸುತ್ತಿದ್ದವರು. ಮಗಳ ಮದುವೆಗೆಂದು ಗಿಟಾರ್ ಮಾರಿದರು. ಆಮೇಲೆ ಮನೆಯಲ್ಲಿ ಅದರ ಮಾತೇ ಇಲ್ಲ.

ಹುಡುಗ ತಂದಿರುವುದು 'ಸೆಮಿ ಹಾಲೋ', ಅಂದರೆ ಅರ್ಧ ಟೊಳ್ಳು. ಮುಖದ ಮೇಲೆ ಪಿಟೀಲಿಗಿರುವಂತೆ ಎರಡು ಕಿಂಡಿ. ಎಡಬಲದಲ್ಲಿ ಟೊಳ್ಳು, ನಡುವೆ ಉದ್ದಕ್ಕೂ ಒಂದು ಮರದ ದಿಮ್ಮಿ. 1958ರಲ್ಲಿ ಅಮೆರಿಕದ ಗಿಬ್ಸನ್ ಕಂಪನಿ ಹೊರತಂದ ಇಬಿ-2 ಈ ಜಾತಿಯದ್ದು. ಬೀಟಲ್ಸ್ ತಂಡದ ಪಾಲ್ ಮೆಕಾರ್ಟ್ನಿ ಹಿಡಿಯುತ್ತಿದ್ದ ಪಿಟೀಲಿನಾಕಾರದ ಹಾಫ್ನರ್ ಪೂರ್ತಿ ಟೊಳ್ಳು. ಪೂರ್ತಿ ಟೊಳ್ಳಾದರೆ ಸ್ಪೀಕರಿನ ಹತ್ತಿರ ಹೋದೊಡನೆ ಊಳಿಡುವ ಕಾಟ ಜಾಸ್ತಿ. ನಡುವಿನ ದಿಮ್ಮಿ ಅದನ್ನು ತಕ್ಕಮಟ್ಟಿಗೆ ತಡೆಯುತ್ತದೆ, ದನಿಯ ದುಂಡುತನವನ್ನೂ ಉಳಿಸುತ್ತದೆ.

ಕೊಳ್ಳುವಾಗ ತಂದೆಯೂ ಜೊತೆಗೆ ಹೋಗಿದ್ದರು. 'ಬರಲ್ಲ ಅಂದೋರು ಬಸ್ ಸ್ಟ್ಯಾಂಡಲ್ಲಿ ನನಗಿಂತ ಮುಂಚೆ ನಿಂತಿದ್ರು' ಎಂದು ನಗುತ್ತಾನೆ ಮಗ. ಅಂಗಡಿಯಲ್ಲಿ ಅವರು ಮೊದಲು ಮಾಡಿದ ಕೆಲಸ, ಬಡಗಿ ತೀರು ನೋಡುವಂತೆ ಗಿಟಾರಿನ ಕತ್ತನ್ನು ಕಣ್ಣಿಗೆ ಹಿಡಿದದ್ದು. ಆಮೇಲೆ ಒಂದೊಂದು ತಂತಿಯನ್ನೂ ಮೊದಲ ಫ್ರೆಟ್ಟಿನಲ್ಲೂ ಕೊನೆಯದರಲ್ಲೂ ಒಟ್ಟಿಗೆ ಒತ್ತಿ ಹಿಡಿದರು. ನಡುವೆ ಒಂದು ವಿಸಿಟಿಂಗ್ ಕಾರ್ಡ್ ತೂರುವಷ್ಟು ಸಂದಿ ಇದ್ದರೆ ಸಾಕು. ಅದಕ್ಕಿಂತ ಬಹಳ ಜಾಸ್ತಿಯಾದರೆ ಕತ್ತು ಬಗ್ಗಿದೆ ಅಂತ. ಕತ್ತಿನೊಳಗಿನ ಸರಳು ತಿರುಗಿಸಿ ಸರಿಮಾಡಬಹುದು, ಆದರೆ ಸರಳೇ ತಿರುಗದಿದ್ದರೆ ಆ ಗಿಟಾರ್ ಬೇಡ. ಕಿಂಡಿಯೊಳಗೆ ಮೊಬೈಲ್ ಟಾರ್ಚ್ ಬಿಟ್ಟು ಅಂಟು ಬಿಟ್ಟಿದೆಯಾ ನೋಡಿದರು, ಬೆರಳ ಗಿಣ್ಣಿನಿಂದ ಬೆನ್ನಿಗೆ ತಟ್ಟಿ ಗಡಗಡ ಸದ್ದು ಬರುತ್ತದಾ ಕೇಳಿದರು. ಮರ ಚೆನ್ನಾಗಿತ್ತು. ವಾಲ್ಯೂಮ್ ತಿರುಪು ತಿರುಗಿಸಿದರೆ ಮಾತ್ರ ಹಂಚಿನ ಮೇಲೆ ಸಾಸಿವೆ ಸಿಡಿದಂಗೆ ಸದ್ದು, ಜೊತೆಗೆ ಗುಂಯ್ ಎನ್ನುವ ಹಮ್ಮಿಂಗ್. ಅದನ್ನೇ ಹೇಳಿ ಮೂರು ಸಾವಿರ ಇಳಿಸಿದರಂತೆ.

ಇಂಥ ಗಿಟಾರಿಗೆ ಹಿಂಬದಿ ಮುಚ್ಚಳ ಇರುವುದಿಲ್ಲ ಎಂಬುದು ಬಿಚ್ಚಲು ಕೂತಾಗಲೇ ಮಗನಿಗೆ ಗೊತ್ತಾಗಿದ್ದು. ತಿರುಪು, ವೈರು, ಜಾಕು ಎಲ್ಲ ಆ ಕಿಂಡಿಯಿಂದಲೇ ಹೊರಗೆ ಬರಬೇಕು, ಅಲ್ಲಿಂದಲೇ ಒಳಗೆ ಹೋಗಬೇಕು. ಪಕ್ಕದ ಬೀದಿಯ ಹಳೇ ರೇಡಿಯೋ ಮೆಕ್ಯಾನಿಕ್ ಒಬ್ಬರು ದಾರಿ ತೋರಿಸಿದರು. ಹಳೇ ತಿರುಪಿನ ಕಡ್ಡಿಗೆ ಗಟ್ಟಿ ದಾರ ಕಟ್ಟಿ ಒಳಗೆ ಬಿಡುವುದು, ಭಾಗವನ್ನು ಕಿಂಡಿಯಿಂದ ಈಚೆ ತೆಗೆಯುವುದು, ಹೊಸದನ್ನು ಅದೇ ದಾರಕ್ಕೆ ಕಟ್ಟಿ ತೂತಿನವರೆಗೆ ಎಳೆದುಕೊಳ್ಳುವುದು. ಲಾಡಿ ಪೋಣಿಸಿದ ಹಾಗೇ. ಒಂದು ಭಾನುವಾರ ಪೂರ್ತಿ ಹಿಡಿಯಿತು. ಹೀಗೆ ಬಿಚ್ಚಿ ಬದಲಾಯಿಸುವುದು ಹೊಸ ಹುಚ್ಚೇನಲ್ಲ. 1960ರ ದಶಕದ ಕೊನೆಗೆ ಕ್ಯಾಲಿಫೋರ್ನಿಯಾದಲ್ಲಿ ಫಿಲ್ ಲೆಶ್, ಜಾಕ್ ಕಸಾಡಿಯಂಥ ಹೆಸರಾಂತ ವಾದಕರೇ ತಮ್ಮ ಗಿಲ್ಡ್ ಬೇಸುಗಳ ಒಳಗನ್ನು ಬದಲಾಯಿಸಿಕೊಂಡಿದ್ದರು.

ಕೆಲಸದ ನಡುವೆ ಒಂದು ಸಂಗತಿ ಹೊರಬಿತ್ತು. ತಂತಿಗಳನ್ನು ಒಳಗಿನ ಅರ್ಥಿಂಗ್‌ಗೆ ಸೇರಿಸುವ ಸಣ್ಣ ವೈರನ್ನು ಹಿಂದಿನ ಯಜಮಾನ ಯಾರೋ ಕತ್ತರಿಸಿದ್ದರು. ಹಮ್ಮಿಂಗ್ ಬರುತ್ತಿದ್ದುದು ಅದಕ್ಕೇ. ಸೇರಿಸಿಬಿಡೋಣ ಎಂದ ಮಗ. ತಂದೆ ಬೇಡವೇ ಬೇಡ ಎಂದರು.

ಕಾರಣ ಮನೆಯವರು ಅವತ್ತೇ ಮೊದಲು ಕೇಳಿದ್ದು. ಒಂದು ಪೆಂಡಾಲಿನಲ್ಲಿ ಗಿಟಾರ್ ಹಿಡಿದೇ ಕೋರಸ್ ಹಾಡಲು ಮೈಕಿಗೆ ತುಟಿ ತಾಗಿಸಿದಾಗ ಅವರಿಗೆ ಕರೆಂಟ್ ಹೊಡೆದಿತ್ತು. ಕಂಬದಿಂದ ಎಳೆದದ್ದು ಎರಡೇ ವೈರು, ಅರ್ಥಿಂಗ್ ವೈರೇ ಇರಲಿಲ್ಲ. ಡ್ರಮ್ಸಿನವರು ಗಿಟಾರಿನ ಕೇಬಲ್ ಎಳೆದು ಕಿತ್ತಿದ್ದರಿಂದ ಉಳಿದರು. ಗಿಟಾರ್ ಮಾರಲು ಮದುವೆ ಖರ್ಚೊಂದೇ ಕಾರಣವಾಗಿರಲಿಲ್ಲ.

ಮೆಕ್ಯಾನಿಕ್ ಹೇಳಿದ್ದು ನ್ಯಾಯವಾದ ಮಾತು: 'ನೋಡಪ್ಪಾ, ತಂತಿಗೆ ಅರ್ಥಿಂಗ್ ನಾನು ಕೊಡ್ತೀನಿ. ಸ್ಟೇಜಿಗೆ ಅರ್ಥಿಂಗ್ ಐತಾ ಅಂತ ನೋಡ್ಕಬೇಕಾದೋನು ನೀನು.' ಆಂಪ್ಲಿಫೈಯರಿನ ಮೂರನೇ ಪಿನ್ ಮುರಿದು ಹಮ್ಮಿಂಗ್ ತಗ್ಗಿಸುವ ಚಾಳಿ ನಮ್ಮಲ್ಲಿದೆ. ಅದು ಸಾವಿಗೆ ಬಾಗಿಲು ತೆಗೆದ ಹಾಗೆ. ಮೇನ್ ಲೈನಿಗೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಹಾಕಿಸಬೇಕು. ಹಾಡುವ ಮೊದಲು ಮಲ್ಟಿಮೀಟರನ್ನು ಎಸಿ ವೋಲ್ಟಿಗಿಟ್ಟು ಒಂದು ಕಡ್ಡಿ ತಂತಿಗೆ, ಇನ್ನೊಂದು ಮೈಕಿನ ಜಾಲರಿಗೆ ಮುಟ್ಟಿಸಿ ನೋಡಬೇಕು. ಹೆಚ್ಚುಕಮ್ಮಿ ಸೊನ್ನೆ ಇರಬೇಕು. ಹಬ್ಬದ ಸಮಿತಿಯವರು ಇದಕ್ಕೆ ಗೊಣಗಿದರೆ ಗೊಣಗಲಿ.

ವೈರ್ ಸೇರಿಸಿದರು, ಹಮ್ಮಿಂಗ್ ಅಡಗಿತು. ಬೆರಳು ಜಾರಿದಾಗ ಕಿರುಗುಟ್ಟದ ಚಪ್ಪಟೆ ಸುತ್ತಿನ ತಂತಿ ಹಾಕಿದರು, ಕಿಂಡಿಗಳಿಗೆ ಒಂದಿಷ್ಟು ಫೋಮ್ ತುರುಕಿದರು. ಮೊದಲು ನುಡಿಸಿದ್ದು ತಂದೆ. ಐದು ನಿಮಿಷಕ್ಕೇ ಬೆರಳ ತುದಿ ಉರಿಯಿತಂತೆ, ಆದರೂ ಅರ್ಧ ಗಂಟೆ ಕೆಳಗಿಡಲಿಲ್ಲ.

ಮಗನಿಗೆ ಈಗ ಒಂದು ತಂಡದಿಂದ ಕರೆ ಬಂದಿದೆ. ಪೇಮೆಂಟಿನ ಮಾತು ಇನ್ನೂ ಆಗಿಲ್ಲ. ತಂದೆ ಮಾತ್ರ ಮಲ್ಟಿಮೀಟರ್ ಕೊಂಡು ತಂದಿಟ್ಟಿದ್ದಾರೆ.