ತಂತ್ರಾಂಶದಲ್ಲಿ ಓದಿದ ಗ್ರಂಥವನ್ನು ಪ್ರಬಂಧದಲ್ಲಿ ಉಲ್ಲೇಖಿಸುವುದು ಹೇಗೆ?

ಬೈಬಲ್ ಮತ್ತು ದೈವಶಾಸ್ತ್ರದ ಅಧ್ಯಯನ ಇಂದು ಗುರುಮಠಗಳಿಗೆ ಮಾತ್ರ ಸೀಮಿತವಾಗಿಲ್ಲ. ಧರ್ಮಭಗಿನಿಯರು, ಕ್ರೈಸ್ತ ಶಿಕ್ಷಣದ ಶಿಕ್ಷಕರು ಹಾಗೂ ಯುವಜನರು ಡಿಪ್ಲೊಮಾ, ಪದವಿ ತರಗತಿಗಳಿಗೆ ಸೇರಿ ಪ್ರಬಂಧಗಳನ್ನು ಬರೆಯುತ್ತಿದ್ದಾರೆ. ದೊಡ್ಡ ಗ್ರಂಥಾಲಯ ಹತ್ತಿರದಲ್ಲಿ ಇಲ್ಲದವರಿಗೆ ಲೋಗೋಸ್, ಕಥೋಲಿಕ ಓದುಗರಿಗಾಗಿಯೇ ರೂಪಿಸಲಾದ ವರ್ಬಮ್, ಅಕಾರ್ಡೆನ್ಸ್ ಮುಂತಾದ ಅಧ್ಯಯನ ತಂತ್ರಾಂಶಗಳು ಬಹಳ ಉಪಕಾರಿ. ಸಂತ ಪಿತೃಗಳ ಬರಹ, ಬೈಬಲ್ ವ್ಯಾಖ್ಯಾನ, ನಿಘಂಟು ಎಲ್ಲವೂ ಒಂದೇ ಗಣಕಯಂತ್ರದಲ್ಲಿ ಸಿಗುತ್ತವೆ. ಆದರೆ ಪ್ರಬಂಧ ಬರೆಯಲು ಕುಳಿತಾಗ ಒಂದು ಪ್ರಶ್ನೆ ಏಳುತ್ತದೆ: ಅಡಿಟಿಪ್ಪಣಿಯಲ್ಲಿ ಏನೆಂದು ಬರೆಯಬೇಕು?

ಕೆಲವರು "ಆಕರ: ಲೋಗೋಸ್ ತಂತ್ರಾಂಶ" ಎಂದಷ್ಟೇ ಬರೆದು ಮುಗಿಸುತ್ತಾರೆ. ಇದು ಸಾಲದು. ಗ್ರಂಥಾಲಯದ ಕಪಾಟಿನಿಂದ ಪುಸ್ತಕ ತೆಗೆದು ಓದಿದವರು ಕಪಾಟಿನ ಹೆಸರು ಬರೆಯುವುದಿಲ್ಲ, ಪುಸ್ತಕದ ಹೆಸರು ಬರೆಯುತ್ತಾರೆ. ತಂತ್ರಾಂಶವೂ ಕಪಾಟಿನಂತೆಯೇ. ಲೇಖಕರು, ಗ್ರಂಥದ ಹೆಸರು, ಅನುವಾದಕರು ಅಥವಾ ಸಂಪಾದಕರು, ಸಂಪುಟ, ಪ್ರಕಾಶಕರು, ವರ್ಷ, ಪುಟ ಇವು ಮೊದಲು ಬರಬೇಕು. ಯಾವ ತಂತ್ರಾಂಶದಲ್ಲಿ ಓದಿದಿರಿ ಎಂಬುದನ್ನು ಕೊನೆಯಲ್ಲಿ ಸೇರಿಸಬಹುದು.

ಇದಕ್ಕೆ ಒಂದು ಪ್ರಾಯೋಗಿಕ ಕಾರಣವೂ ಇದೆ. ಬೈಬಲ್ ವಿದ್ವಾಂಸರು ಬಹುಕಾಲ ನೆಚ್ಚಿಕೊಂಡಿದ್ದ ಬೈಬಲ್‌ವರ್ಕ್ಸ್ ಎಂಬ ತಂತ್ರಾಂಶದ ಸಂಸ್ಥೆ 2018ರಲ್ಲಿ ಬಾಗಿಲು ಮುಚ್ಚಿತು. ಅಡಿಟಿಪ್ಪಣಿಯಲ್ಲಿ ಆ ತಂತ್ರಾಂಶದ ಹೆಸರನ್ನಷ್ಟೇ ಕೊಟ್ಟಿದ್ದರೆ ಇಂದಿನ ಓದುಗ ಆ ಮಾತನ್ನು ಎಲ್ಲಿ ಹುಡುಕಬೇಕು? ಗ್ರಂಥದ ವಿವರ ಕೊಟ್ಟವರಿಗೆ ಈ ತೊಂದರೆಯಿಲ್ಲ.

ಒಂದು ಉದಾಹರಣೆ

ಸಂತ ಅಗಸ್ಟೀನರ 'ಕನ್ಫೆಷನ್ಸ್' ಕೃತಿಯ ಆರಂಭದ ಭಾಗವನ್ನು ಉಲ್ಲೇಖಿಸಬೇಕಾಗಿದೆ ಎನ್ನೋಣ. ಅದರ ಟಿಪ್ಪಣಿ ಹೀಗಿರಬಹುದು:

ಸಂತ ಅಗಸ್ಟೀನ್, ಕನ್ಫೆಷನ್ಸ್, 1.1.1, ಅನುವಾದ: ಜೆ. ಜಿ. ಪಿಲ್ಕಿಂಗ್‌ಟನ್, ನೈಸೀನ್ ಆಂಡ್ ಪೋಸ್ಟ್-ನೈಸೀನ್ ಫಾದರ್ಸ್, ಮೊದಲ ಸರಣಿ, ಸಂಪುಟ 1, ಸಂಪಾದಕ: ಫಿಲಿಪ್ ಶಾಫ್, ಬಫಲೋ, 1886, ವರ್ಬಮ್ ಆವೃತ್ತಿ.

ಇಲ್ಲಿ 1.1.1 ಎಂದರೆ ಪುಸ್ತಕ, ಅಧ್ಯಾಯ, ಪರಿಚ್ಛೇದ. ಯಾವ ಅನುವಾದ ಕೈಯಲ್ಲಿದ್ದರೂ ಈ ಸಂಖ್ಯೆಯಿಂದ ಅದೇ ಜಾಗವನ್ನು ತಲುಪಬಹುದು. ಧರ್ಮಸಭೆಯ ದಾಖಲೆಗಳಿಗೂ ಇದೇ ಅನುಕೂಲವಿದೆ. ದ್ವಿತೀಯ ವ್ಯಾಟಿಕನ್ ಮಹಾಸಭೆಯು 1965ರಲ್ಲಿ ಹೊರಡಿಸಿದ 'ದೇಯಿ ವೆರ್ಬುಮ್' ದಾಖಲೆಯಲ್ಲಿ ಪವಿತ್ರ ಗ್ರಂಥದ ವ್ಯಾಖ್ಯಾನದ ಕುರಿತಾದ ಬೋಧನೆ 12ನೇ ಪರಿಚ್ಛೇದದಲ್ಲಿದೆ. ಪುಟ ಪುಸ್ತಕದಿಂದ ಪುಸ್ತಕಕ್ಕೆ ಬದಲಾದೀತು, ಪರಿಚ್ಛೇದ ಬದಲಾಗದು.

ಇತರ ಪುಸ್ತಕಗಳಲ್ಲಿ ಮುದ್ರಿತ ಪುಟಸಂಖ್ಯೆಯನ್ನು ತಂತ್ರಾಂಶ ತೋರಿಸಿದರೆ ಅದನ್ನೇ ಕೊಡಿ. ಇಲ್ಲವಾದಲ್ಲಿ ಅಧ್ಯಾಯ ಮತ್ತು ಉಪಶೀರ್ಷಿಕೆಯನ್ನು ಬರೆಯಿರಿ. ಕಿಂಡಲ್‌ನಂತಹ ಸಾಧನ ತೋರಿಸುವ 'ಲೊಕೇಶನ್' ಸಂಖ್ಯೆ ಪುಟಸಂಖ್ಯೆಯಲ್ಲ. ಮುದ್ರಿತ ಪುಸ್ತಕ ಹಿಡಿದವರಿಗೆ ಅದರಿಂದ ಪ್ರಯೋಜನವಿಲ್ಲ. ವಿಶ್ವಕೋಶದಿಂದ ಮಾಹಿತಿ ತೆಗೆದಿದ್ದರೆ ಆ ಲೇಖನವನ್ನು ಬರೆದವರ ಹೆಸರು ಕೊಡಬೇಕು, ಸಂಪಾದಕರ ಹೆಸರು ಮಾತ್ರ ಸಾಲದು.

ಆವೃತ್ತಿಯ ಬಗ್ಗೆ ಎಚ್ಚರ

ತಂತ್ರಾಂಶದಲ್ಲಿರುವುದು ಯಾವ ಆವೃತ್ತಿ ಎಂದು ನೋಡದೆ ಬರೆದರೆ ಬೋಧನೆಯೇ ತಪ್ಪಾಗಿ ಹೋಗಬಹುದು. ಕಥೋಲಿಕ ಧರ್ಮಸಭೆಯ ಕ್ಯಾಟೆಕಿಸಂ 1992ರಲ್ಲಿ ಪ್ರಕಟವಾಯಿತು. ಅದರ ಅಧಿಕೃತ ಲತೀನ್ ಆವೃತ್ತಿ 1997ರಲ್ಲಿ ಬಂತು. ಮರಣದಂಡನೆಯ ಕುರಿತಾದ 2267ನೇ ಪರಿಚ್ಛೇದವನ್ನು ಪೋಪ್ ಫ್ರಾನ್ಸಿಸರು 2018ರಲ್ಲಿ ಪರಿಷ್ಕರಿಸಿ, ಮರಣದಂಡನೆ ಸ್ವೀಕಾರಾರ್ಹವಲ್ಲ ಎಂದು ಸ್ಪಷ್ಟಪಡಿಸಿದರು. ಹಳೆಯ ಆವೃತ್ತಿಯಿಂದ ಈ ಪರಿಚ್ಛೇದವನ್ನು ನಕಲು ಮಾಡಿದ ವಿದ್ಯಾರ್ಥಿ, ಬದಲಾದ ಬೋಧನೆಯನ್ನು ಇಂದಿನ ಬೋಧನೆಯೆಂದು ಬರೆದಂತಾಗುತ್ತದೆ. ಸಂಖ್ಯೆ ಸರಿ, ಮಾತು ಹಳತು!

ಬೈಬಲ್‌ನಲ್ಲಿಯೂ ಹೀಗೆಯೇ. ಕುರಿಗಾಹಿಯ ಕೀರ್ತನೆ ನಮಗೆಲ್ಲ 23ನೆಯದು. ಆದರೆ ಲತೀನ್ ವುಲ್ಗಾತವನ್ನು ಅನುಸರಿಸುವ ಡುಯೇ-ರೀಮ್ಸ್ ಅನುವಾದವನ್ನು ತೆರೆದರೆ ಅದೇ ಕೀರ್ತನೆ 22ನೆಯದಾಗಿರುತ್ತದೆ. ಆದುದರಿಂದ ಯಾವ ಅನುವಾದ ಬಳಸಿದ್ದೀರಿ ಎಂಬುದನ್ನು ಮೊದಲ ಉಲ್ಲೇಖದಲ್ಲಿಯೇ ತಿಳಿಸಿ, ಪ್ರಬಂಧದ ಕೊನೆಯವರೆಗೂ ಅದೇ ಸಂಖ್ಯಾಕ್ರಮವನ್ನು ಪಾಲಿಸಿ.

ತಾನಾಗಿ ಬರುವ ಟಿಪ್ಪಣಿ

ಲೋಗೋಸ್, ವರ್ಬಮ್‌ಗಳಲ್ಲಿ ಒಂದು ಭಾಗವನ್ನು ನಕಲು ಮಾಡಿ ವರ್ಡ್‌ನಲ್ಲಿ ಅಂಟಿಸಿದರೆ ಅಡಿಟಿಪ್ಪಣಿಯೂ ಜೊತೆಗೆ ಬರುತ್ತದೆ. ಶಿಕಾಗೋ, ತುರಾಬಿಯನ್, ಎಸ್‌ಬಿಎಲ್ ಮುಂತಾದ ಶೈಲಿಗಳಲ್ಲಿ ಬೇಕಾದುದನ್ನು ಆರಿಸಿಕೊಳ್ಳಬಹುದು. ನಿಮ್ಮ ಸಂಸ್ಥೆ ಯಾವ ಶೈಲಿಯನ್ನು ಕೇಳುತ್ತದೆ ಎಂಬುದನ್ನು ಮಾರ್ಗದರ್ಶಕರಿಂದ ಮೊದಲೇ ತಿಳಿದುಕೊಳ್ಳಿ. ಶೈಲಿಗಳೂ ಬದಲಾಗುತ್ತವೆ: 2024ರಲ್ಲಿ ಬಂದ ಶಿಕಾಗೋ ಕೈಪಿಡಿಯ 18ನೇ ಆವೃತ್ತಿ, ಪ್ರಕಟಣೆಯ ಊರಿನ ಹೆಸರು ಸಾಮಾನ್ಯವಾಗಿ ಬೇಕಿಲ್ಲ ಎನ್ನುತ್ತದೆ. ಹೀಗಾಗಿ ಯಂತ್ರ ಕೊಟ್ಟ ಟಿಪ್ಪಣಿಯನ್ನು ಗ್ರಂಥದ ಶೀರ್ಷಿಕೆ ಪುಟದೊಂದಿಗೆ ಹೋಲಿಸಿ ನೋಡುವುದು ಬರೆಯುವವರ ಹೊಣೆ.

ಇನ್ನೊಂದು ಮಾತು. ಹುಡುಕಾಟದಲ್ಲಿ ಕಾಣಿಸಿದ ಒಂದು ಸಾಲನ್ನು ಮಾತ್ರ ಓದಿ ಉಲ್ಲೇಖಿಸಬೇಡಿ. ಹಿಂದು ಮುಂದಿನ ಪುಟಗಳನ್ನೂ ಓದಿ. ಯಾವುದೋ ವ್ಯಾಖ್ಯಾನದಲ್ಲಿ ಬಂದ ಸಂತ ಅಗಸ್ಟೀನರ ಮಾತನ್ನು ನೇರವಾಗಿ ಅವರ ಕೃತಿಯಿಂದಲೇ ತೆಗೆದಂತೆ ತೋರಿಸಬೇಡಿ. ಇನ್ನೊಬ್ಬರ ವಾಕ್ಯವನ್ನು ಹಾಗೆಯೇ ತೆಗೆದುಕೊಂಡರೆ ಉದ್ಧರಣ ಚಿಹ್ನೆ ಹಾಕಿ. ನಕಲು ಮಾಡುವುದು ಸುಲಭವಾದಷ್ಟೂ ಕೃತಿಚೌರ್ಯಕ್ಕೆ ಬೀಳುವುದೂ ಸುಲಭ. ತಿಳಿಯದೆ ಆದ ತಪ್ಪಾದರೂ ಮೌಲ್ಯಮಾಪನ ಮಾಡುವವರಿಗೆ ಅದು ಕದ್ದ ಮಾತಾಗಿಯೇ ಕಾಣುತ್ತದೆ.

ಪ್ರಬಂಧ ಒಪ್ಪಿಸುವ ಮುನ್ನ ಒಂದು ಸಣ್ಣ ಪರೀಕ್ಷೆ ಮಾಡಿ. ಆ ತಂತ್ರಾಂಶವಿಲ್ಲದ ಸಹಪಾಠಿಯೊಬ್ಬರಿಗೆ ನಿಮ್ಮ ಎರಡು ಮೂರು ಅಡಿಟಿಪ್ಪಣಿಗಳನ್ನು ಕೊಡಿ. ಗ್ರಂಥಾಲಯಕ್ಕೆ ಹೋಗಿ ಅವರು ಆ ಮಾತುಗಳನ್ನು ಹುಡುಕಿ ತೆಗೆದರೆ ನಿಮ್ಮ ಉಲ್ಲೇಖ ಸರಿಯಿದೆ. ಸಿಗದಿದ್ದರೆ ಏನು ಬಿಟ್ಟುಹೋಗಿದೆಯೆಂದು ನೋಡಿ ತಿದ್ದಿಕೊಳ್ಳಲು ಆಗಲೂ ಸಮಯವಿರುತ್ತದೆ.